ಹೊಳಿಯಮ್ಮ ಕಳಚಿದ ಲೋಲಕ

ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದ ಪಂಪಾಪತಿಗೆ ಅಪ್ಪನಿಂದ ಬಂದದ್ದು ಗಂಟೆ ಹೊಡೆಯುವ ಗೋಡೆ ಗಡಿಯಾರ ಮತ್ತು ಸಿಟ್ಟು. ೧೯೯೮ರಲ್ಲಿ ಅಪ್ಪ ತೀರಿಕೊಂಡ ಮೇಲೆ ಮನೆಗೆ ಸುಣ್ಣ ಹೊಡೆಸಿ, ಗಡಿಯಾರವನ್ನು ತಾನೇ ತೂಗುಹಾಕಿ, ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡ. ಇನ್ನು ಮೇಲೆ ಯಾರೂ ಅದನ್ನು ಮುಟ್ಟಕೂಡದೆಂದು ಹೆಂಡತಿ ಗೀತಾಳಿಗೂ ತಾಯಿ ಹೊಳಿಯಮ್ಮನಿಗೂ ತಾಕೀತು ಮಾಡಿದ.

ಗಡಿಯಾರ ಪದೇ ಪದೇ ನಿಲ್ಲತೊಡಗಿತು. ಕಸ ಹೊಡೆಯುವಾಗ ತಾಗಿಸಿದಳೆಂದು ಮೊದಲ ಸಲ ಗೀತಾಳ ಕೆನ್ನೆಗೆ ಬಾರಿಸಿದ. ಬಾಗಿಲನ್ನು ಜೋರಾಗಿ ಹಾಕಿದಳೆಂದು ಇನ್ನೊಮ್ಮೆ ಜಡೆ ಹಿಡಿದೆಳೆದು ಹೊಸ್ತಿಲಿಗೆ ತಲೆ ಕುಟ್ಟಿದ. ನಿಂತಾಗಲೆಲ್ಲ ಮುಳ್ಳುಗಳನ್ನು ಹಿಂದಕ್ಕೂ ಮುಂದಕ್ಕೂ ಎಳೆಯುತ್ತಿದ್ದುದರಿಂದ ಗಂಟೆಯ ಲೆಕ್ಕವೂ ತಪ್ಪಿ, ಮುಳ್ಳು ಐದು ತೋರಿಸುವಾಗ ಎಂಟು ಬಡಿಯುತ್ತಿತ್ತು. ಅದಕ್ಕೂ ಏಟು ಗೀತಾಳಿಗೇ.

ಹೊಳಿಯಮ್ಮ ಒಲೆಯ ಮುಂದೆ ಕೂತು ಎಲ್ಲವನ್ನೂ ನೋಡುತ್ತಿದ್ದಳು. ಅವಳ ಗಂಡನೂ ಹೊಡೆಯುತ್ತಿದ್ದವನೇ. ಗಡಿಯಾರವನ್ನು ಮಾತ್ರ ಕೂಸಿನಂತೆ ಮುಟ್ಟುತ್ತಿದ್ದ. ಒಂದು ಮುಂಜಾನೆ ಬಾತು ಮುಚ್ಚಿದ ಕಣ್ಣಿನಲ್ಲಿ ಗೀತಾ ಒಲೆಗೆ ಕಟ್ಟಿಗೆ ಹಾಕಲು ತಡಕಾಡುವುದನ್ನು ಕಂಡು ಮುದುಕಿ ಎದ್ದಳು. ಗಡಿಯಾರದ ಕೆಳಗೆ ಸ್ಟೂಲು ಇಟ್ಟು ಸೊಸೆಯನ್ನು ಹತ್ತಿಸಿದಳು.

"ಕಿವಿಗೊಟ್ಟು ಕೇಳು, ಕುಂಟತೈತಿ. ಸಮ ನಡಿಯೂ ತನಕ ಪೆಟಗಿ ಸರಸು."

ಗೀತಾ ಪೆಟ್ಟಿಗೆಯ ಬುಡವನ್ನು ಕೂದಲೆಳೆಯಷ್ಟು ಎಡಕ್ಕೆ ಸರಿಸಿದಳು. ಟಿಕ್ಕಿಗೂ ಟಕ್ಕಿಗೂ ನಡುವಿನ ಸಂದು ಒಂದೇ ಆಯಿತು. ಗಂಟೆ ಎಷ್ಟು ಬಡಿಯುತ್ತದೋ ನೋಡಿ ಸಣ್ಣ ಮುಳ್ಳನ್ನಷ್ಟೇ ಆ ಅಂಕಿಗೆ ತರಬೇಕು, ದೊಡ್ಡ ಮುಳ್ಳನ್ನು ಮುಂದಕ್ಕೇ ತಿರುಗಿಸಬೇಕು, ಬಡಿತ ಮುಗಿಯುವವರೆಗೆ ಕಾಯಬೇಕು ಎಂದು ಅತ್ತೆ ಕೆಳಗಿನಿಂದ ಹೇಳಿಕೊಟ್ಟಳು.

ಅಂದು ಗಡಿಯಾರ ನಿಲ್ಲಲಿಲ್ಲ. ಸಂಜೆ ಪಂಪಾಪತಿ ಒಳಗೆ ಬರುವಾಗ ಸರಿಯಾಗಿ ಆರು ಬಡಿಯಿತು. ಯಾರು ಮುಟ್ಟಿದ್ದೆಂದು ಕೇಳಿದ. ತಾನೇ ಎಂದಳು ಗೀತಾ.

"ನನಗ ಬರಲಾರದ್ದು ನಿನಗ ಬಂತೇನ?"

ಮೂಲೆಯ ಬಡಿಗೆ ತೆಗೆದು ಬೀಸಿದ. ಏಟು ಗಡಿಯಾರದ ಗಾಜಿಗೆ ಬಿತ್ತು. ಸಿಡಿದ ಚೂರೊಂದು ಗೀತಾಳ ಭುಜ ಸೀಳಿತು. ಬಡಿಗೆ ಎಸೆದವನೇ ಎರಡೂ ಕೈಯಲ್ಲಿ ಅವಳ ಕುತ್ತಿಗೆ ಹಿಡಿದು ಗೋಡೆಗೆ ಒತ್ತಿದ. ಹೊಸ ಸುಣ್ಣದ ಮೇಲೆ ರಕ್ತ ಇಳಿಯಿತು. ಅವಳ ಕಾಲುಗಳು ಒದ್ದಾಡಿ ಸೋತು ಜೋತಾಡಿದವು.

ಹೊಳಿಯಮ್ಮ ಸ್ಟೂಲು ಹತ್ತಿ ಒಡೆದ ಗಾಜಿನೊಳಗೆ ಕೈ ಹಾಕಿ ಹಿತ್ತಾಳೆಯ ಲೋಲಕವನ್ನು ಕೊಕ್ಕೆಯಿಂದ ಕಳಚಿ, ಅದರ ಅಂಚನ್ನು ಮಗನ ಬಲಗೈ ಮಣಿಕಟ್ಟಿನ ಮೇಲೆ ಬೀಸಿ ಇಳಿಸಿದಳು. ಅವನು ಬಿಡಲಿಲ್ಲ. ಮತ್ತೆ ಹೊಡೆದಳು. ಮೂಳೆ ಲಟಕ್ಕೆಂದಿತು. ಪಂಪಾಪತಿ ಕುಸಿದು ಕೂತು ಎಳೆಗರುವಿನಂತೆ ಒರಲಿದ.

"ನಿಮ್ಮಪ್ಪಗಽ ಹೊಡೀಬೇಕಿತ್ತು," ಎಂದಳು ಹೊಳಿಯಮ್ಮ. "ತಡಾ ಮಾಡಿದೆ."

ದವಾಖಾನೆಯಲ್ಲಿ ಕೇಳಿದವರಿಗೆಲ್ಲ ಮಗನಿಗೆ ಹೊಡೆದವಳು ತಾನೇ ಎಂದು ಹೊಳಿಯಮ್ಮ ಹೇಳಿದಳು. ಗೀತಾಳ ಭುಜಕ್ಕೆ ಹೊಲಿಗೆ ಬಿತ್ತು. ಗಂಡನ ಉಡಿದಾರದಿಂದ ಕೀಲಿಯನ್ನು ಅವಳೇ ಬಿಚ್ಚಿಕೊಂಡಳು. ಲೋಲಕದ ರಕ್ತ ಒರೆಸಿ ಮತ್ತೆ ಕೊಕ್ಕೆಗೆ ಹಾಕಿ, ವಾರಕ್ಕೊಮ್ಮೆ ನಡೆಯುವುದಕ್ಕೊಂದು ಬಡಿಯುವುದಕ್ಕೊಂದು ಇದ್ದ ಎರಡೂ ತೂತಿಗೆ ಹದವಾಗಿ ಕೀಲಿ ಕೊಡತೊಡಗಿದಳು. ಪ್ಲಾಸ್ಟರ್ ಹಾಕಿದ ಮಗನಿಗೆ ತಾಯಿಯೇ ತುತ್ತು ಮಾಡಿ ಉಣಿಸಿದಳು. ಅವನು ಮುಖ ತಿರುಗಿಸಿದರೆ ಗದ್ದ ಹಿಡಿದು ಬಾಯಿಗೆ ಇಡುತ್ತಿದ್ದಳು.

ಪ್ಲಾಸ್ಟರ್ ಬಿಚ್ಚಿದ ಕೆಲವೇ ದಿನಕ್ಕೆ, ಸಾರಿಗೆ ಉಪ್ಪು ಹೆಚ್ಚಾಯಿತೆಂದು ಪಂಪಾಪತಿ ಅದೇ ಕೈ ಎತ್ತಿದ. ಗೀತಾ ಮಣಿಕಟ್ಟು ಹಿಡಿದು, ಸರಿಯಾಗಿ ಕೂಡದ ಮೂಳೆಯ ಮೇಲೆ ಹೆಬ್ಬೆರಳು ಊರಿ ತಿರುವಿದಳು. ಅವನು ಮಂಡಿಯೂರಿದ. ಬಿಡು ಎಂದು ಬೇಡಿಕೊಂಡ.

"ಬಿಡ್ತೀನ್ರಿ. ಹೊರಗ ನಡೀರಿ."

ಅವನು ಹೋಗಿ ಗಿರಣಿಯ ಕೋಣೆಯಲ್ಲಿ ಉಳಿದ. ಯಾವಾಗಲೋ ಒಮ್ಮೆ ತಾಯಿಯನ್ನು ನೋಡಲು ಬರುತ್ತಿದ್ದ. ಗೀತಾ ತಾಟು ಇಟ್ಟು ಬಾಗಿಲ ಬಳಿ ನಿಲ್ಲುತ್ತಿದ್ದಳು, ಕೂರುತ್ತಿರಲಿಲ್ಲ. ಹೊಳಿಯಮ್ಮ ಮಗನಿಗೆ ರೊಟ್ಟಿ ಮುರಿದು ಕೊಡುತ್ತ, ಯಾಕೆ ಇಷ್ಟು ಸೊರಗಿದ್ದಿ ಎಂದು ಕೇಳುತ್ತಿದ್ದಳು.