ಹಿಂದಕ್ಕೆ ಐದು ಗೇರು, ಮುಂದಕ್ಕೆ ಒಂದು

ಮುಂದೆ ಯಾವ್ದು ಹಿಂದೆ ಯಾವ್ದು ಅಂತಾನೇ ಗೊತ್ತಿಲ್ದಿರೋ ನನ್ ಮಗ, ಇವನ ಕೈಗೆ ಎಂಜಿನ್ ಕೊಟ್ನಲ್ಲಾ, ನಂಗೆ ಹಾಕ್ಬೇಕು ಚಪ್ಲೀಲಿ — ಲಾಲ್ ಸಾಬರ ದನಿ ಶೆಡ್ಡಿನ ತಗಡಿಗೆ ಹೊಡೆದು ವಾಪಸ್ ಬೀಳುತ್ತಿದೆ, ತಗಡಿನ ತೂತಿನಿಂದ ಬಿಸಿಲಿನ ಒಂದು ಕೋಲು ನೆಟ್ಟಗೆ ಮುನಿರಾಜುವಿನ ಕಣ್ಣಿಗೇ ಇಳಿದಿದೆ, ಅದರೊಳಗೆ ಧೂಳು ಆರಾಮಾಗಿ ತೇಲುತ್ತಿದೆ, ಧೂಳಿಗೇನು, ಅದನ್ನು ಯಾರೂ ಬೈಯುವುದಿಲ್ಲ, ಅವನು ಮಾತ್ರ ಕಾರಿನ ಸೀಟಿನೊಳಗೆ ಹೂತುಕೊಂಡು ಕೂತಿದ್ದಾನೆ, ಹೆಗಲ ಮೇಲಿಂದ ಎರಡು, ಸೊಂಟದ ಪಕ್ಕದಿಂದ ಎರಡು ಪಟ್ಟಿಗಳು ಬಂದು ಹೊಟ್ಟೆಯ ಮೇಲೆ ಒಂದೇ ಬಕಲ್ಲಿಗೆ ಸಿಕ್ಕಿಕೊಂಡಿವೆ, ಬಕಲ್ಲು ಬಿಚ್ಚುತ್ತಿಲ್ಲ, ಸುತ್ತ ನಿಂತವರೆಲ್ಲ ಬಗ್ಗಿ ನೋಡುತ್ತಿದ್ದಾರೆ, ಬಾವಿಗೆ ಬಿದ್ದ ಬೆಕ್ಕನ್ನು ನೋಡುವ ಹಾಗೆ, ನಗುತ್ತಿದ್ದಾರೆ. ಫಸ್ಟ್ ಗೇರಿಗೆ ಹಾಕಿ ಕ್ಲಚ್ಚು ಬಿಟ್ಟದ್ದಷ್ಟೇ, ಕಾರು ಎದುರಿನ ಬಾಗಿಲಿಗೆ ಹೋಗುವ ಬದಲು ಹಿಂದಕ್ಕೆ ಹಾರಿ, ಗೋಡೆಗೆ ಒಟ್ಟಿದ್ದ ಹಳೆ ಟಯರುಗಳಿಗೆ ಗುದ್ದಿಕೊಂಡು ನಿಂತಿತು, ಪೂಜೆಗೆಂದು ಚಕ್ರಗಳ ಮುಂದಿಟ್ಟ ನಾಲ್ಕು ನಿಂಬೆಹಣ್ಣುಗಳಲ್ಲಿ ಒಂದೂ ಒಡೆದಿಲ್ಲ, ಕುಂಕುಮ ಇಟ್ಟುಕೊಂಡು ನೆಲದ ಮೇಲೆ ದುಂಡಗೆ ಕೂತಿವೆ, ಗುರೂ, ಇನ್ನೂ ಜ್ಯೂಸ್ ಮಾಡ್ಕೊಂಡು ಕುಡೀಬೋದು ಇವನ್ನ, ಅಂದ ಕಾರಿನ ಒಡೆಯ ಪುನೀತನ ಗೆಳೆಯನೊಬ್ಬ, ಮತ್ತೆ ನಗು. ನಗಲಿ. ಎಂಜಿನ್ನನ್ನು ಕೂರಿಸಿದ್ದೇ ಉಲ್ಟಾ, ಎದುರಿನ ಮಗ್ಗುಲು ಹಿಂದಕ್ಕೆ ಮಾಡಿ, ಎಂಜಿನ್ ತಿರುಗಿದರೆ ಅದಕ್ಕೆ ಅಂಟಿಕೊಂಡ ಗೇರ್‌ಬಾಕ್ಸೂ ತಿರುಗಿತು, ಗೇರ್‌ಬಾಕ್ಸು ತಿರುಗಿದರೆ ಚಕ್ರ ಸುತ್ತುವುದೂ ಉಲ್ಟಾ, ಫಸ್ಟ್ ಹಾಕಿದರೂ ಹಿಂದಕ್ಕೆ, ಸೆಕೆಂಡ್ ಹಾಕಿದರೂ ಹಿಂದಕ್ಕೆ, ಐದಕ್ಕೈದೂ ಹಿಂದಕ್ಕೆ, ರಿವರ್ಸ್ ಹಾಕಿದರೆ ಮಾತ್ರ ಮುಂದಕ್ಕೆ — ಟಯರಿಗೆ ಗುದ್ದುವ ಮೊದಲೇ, ಆ ಅರೆಗಳಿಗೆಯಲ್ಲೇ ಅಷ್ಟೂ ತಲೆಗೆ ಹೊಳೆದುಬಿಟ್ಟಿತ್ತು, ಇಷ್ಟು ದಿನ ಹೊಳೆಯದೆ ಇದ್ದದ್ದು.

ಬಕಲ್ಲಿನ ಗುಂಡಿ ಒತ್ತುತ್ತಾನೆ, ಅದು ಒಳಕ್ಕೆ ಹೋಗುತ್ತದೆ, ಹೊರಕ್ಕೆ ಬರುತ್ತದೆ, ಬಿಡುವುದಿಲ್ಲ, ಗುಜರಿ ಮಾಲು, ತಾನೇ ಆರಿಸಿ ತಂದದ್ದು, ತಾನೇ ಬಿಗಿದದ್ದು, ಎಷ್ಟು ಗಟ್ಟಿ ಇದೆ ನೋಡು ಪುನೀತಣ್ಣ, ಸತ್ರೂ ಬಿಡಲ್ಲ ಇದು, ಎಂದು ಎಳೆದು ತೋರಿಸಿದ್ದೂ ತಾನೇ. ಮೊದಲು ಈ ಕಾರಿಗೆ ರಿವರ್ಸೇ ಇರಲಿಲ್ಲ. ಪುನೀತ್ ಯಲಹಂಕದ ಮನೆಯ ಹಿತ್ತಲಲ್ಲಿ ಪೈಪು ಕತ್ತರಿಸಿ ವೆಲ್ಡ್ ಮಾಡಿ, ಫೈಬರಿನ ಮೈ ಹಾಕಿಸಿ, ಸೀಟಿನ ಹಿಂದೆ ಬೈಕಿನ ಎಂಜಿನ್ ಕೂರಿಸಿಕೊಂಡು ಬಂದಿದ್ದ, ಚೈನಿನಲ್ಲಿ ಓಡುವ ಕಾರು, ಇಬ್ಬರು ಹಿಂದಿನಿಂದ ಹಿಡಿದರೆ ಎದ್ದೇಳುವಷ್ಟು ಹಗುರ, ಉಬ್ಬು ಸಿಕ್ಕಿದರೆ ಕಪ್ಪೆಯ ಹಾಗೆ ನೆಗೆಯುತ್ತಿತ್ತು, ಚೈನು ವಾರಕ್ಕೊಮ್ಮೆ ಕಡಿಯುತ್ತಿತ್ತು, ಹಿಂದಕ್ಕೆ ಹೋಗಬೇಕೆಂದರೆ ಇಳಿದು ತಳ್ಳಬೇಕಿತ್ತು, ಸಾಬ್ರೇ, ಇದಕ್ಕೆ ಮಾರುತಿ ಎಂಜಿನ್ನು ಗೇರ್‌ಬಾಕ್ಸು ಹಾಕ್ಕೊಡಿ, ಹಿಂದಿನ ಶಾಕ್ಸು ಆರ್ಮು ಎಲ್ಲಾ ಹೊಸದು ಮಾಡ್ಕೊಡಿ ಎಂದು ಬಾಗಲಗುಂಟೆಯ ಈ ಶೆಡ್ಡಿಗೆ ಬಂದದ್ದು ಲಾಲ್ ಸಾಬರ ಹೆಸರು ಕೇಳಿಕೊಂಡೇ. ಎಲ್ಲರೂ ಅದೇ ಹೆಸರು ಕೇಳಿಕೊಂಡು ಬರುವುದು, ಮುನಿರಾಜು ಅನ್ನುವ ಹೆಸರು ಹಿಡಿದು ಈ ಬಾಗಿಲಿಗೆ ಯಾರೂ ಬಂದದ್ದಿಲ್ಲ, ಇಲ್ಲಿ ಅವನು ಮುನಿರಾಜೂ ಅಲ್ಲ, ಉಸ್ತಾದ್ ಲಾಲ್ ಸಾಬರು ಮೊದಲ ದಿನವೇ ಮುನ್ನಾ ಎಂದು ಕರೆದರು, ಅದೇ ಆಯಿತು. ಆದರೆ ಹಿಂದಿನ ಚಕ್ರಗಳನ್ನು ಹಿಡಿದು ನಿಂತಿರುವ ಆ ಆರ್ಮುಗಳು, ಅವು ಅವನವು, ರಟ್ಟು ಕತ್ತರಿಸಿ ಅಳತೆ ನೋಡಿದ್ದು, ಪೈಪು ಬಗ್ಗಿಸಿದ್ದು, ಬುಷ್ ಕೂರಿಸಿದ್ದು, ಶಾಕ್ಸನ್ನು ಎಷ್ಟು ಓರೆ ಮಾಡಬೇಕೆಂದು ಮನೆಯಲ್ಲಿ ಅಮ್ಮನ ಲಟ್ಟಣಿಗೆ ಸೌಟು ಇಟ್ಟುಕೊಂಡು ನೋಡಿದ್ದು, ಅಮ್ಮ ದ್ರೌಪದಮ್ಮ ಚಪಾತಿ ಉಜ್ಜಕ್ಕೆ ಬಿಡ್ತೀಯೋ ಇಲ್ವೋ ಎಂದು ಕಿತ್ತುಕೊಂಡಿದ್ದಳು — ಈಗ ಹಿಂದಕ್ಕೆ ಹಾರಿತಲ್ಲ, ನೆಲದ ಒಡಕಿನ ಮೇಲೆ ಹಾದುಹೋಯಿತಲ್ಲ, ಒಂಚೂರು ಕುಣಿಯಿತಾ, ಇಲ್ಲ, ನೆಲಕ್ಕೆ ಅಂಟಿಕೊಂಡೇ ಹೋಯಿತು, ಬೆನ್ನಿಗೆ ಗೊತ್ತಾಯಿತು ಅವನಿಗೆ, ಹಿಂದಕ್ಕೇ ಹೋಗಲಿ, ಎಷ್ಟು ಚೆನ್ನಾಗಿ ಹೋಯಿತು, ಅದನ್ನು ನೋಡಿದವರು ಒಬ್ಬರೂ ಇಲ್ಲ, ಎಲ್ಲರ ಕಣ್ಣೂ ನಿಂಬೆಹಣ್ಣಿನ ಮೇಲೆ.

ನಾನಿದ್ದಿದ್ರೆ ಹಿಂಗಾಗ್ತಿತ್ತಾ ಪುನೀತ್, ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟು ಬಂದ ಹುಡುಗ, ಪಾನಾ ಸ್ಪ್ಯಾನರು ಹಿಡಿಯೋದು ಕಲ್ಸಿದ್ದೇ ನಾನು, ಎರಡು ಅಕ್ಷರ ಕಲಿತ ಕೂಡ್ಲೆ ಇವನಿಗೆ ತಲೆ ತಿರುಗ್ತು — ಉಸ್ತಾದರು ಇನ್ನೂ ನಿಲ್ಲಿಸಿಲ್ಲ. ಪುನೀತನ ಹೆಂಡತಿ ಮಧುಶ್ರೀ ಮೊಬೈಲು ಎತ್ತಿ ಹಿಡಿದೇ ಇದ್ದಾಳೆ, ಮೊದಲಿಂದ ಹಿಡಿದಿದ್ದಳು, ಕಾರು ಹೊರಗೆ ಬರುವುದನ್ನು ತೆಗೆಯಬೇಕು, ಹೊಸ ಜಾಗದ ಬೋರ್ಡು ಹಾಕುವ ದಿನ ಎಲ್ಲರಿಗೂ ತೋರಿಸಬೇಕು ಅಂದಿದ್ದಳು, ಯಲಹಂಕದ ಆಚೆ ಶೆಡ್ಡು ಹಿಡಿದಿದ್ದಾರೆ ಗಂಡ ಹೆಂಡತಿ, ಇಂಥದೇ ಹಗುರದ ಕಾರುಗಳನ್ನು ಕಟ್ಟಿ ಕೊಡುವುದಕ್ಕೆ, ಹೋದ ವಾರ ಪುನೀತ್ ಹೊರಗೆ ಟೀ ಅಂಗಡಿಯಲ್ಲಿ ಹೆಗಲ ಮೇಲೆ ಕೈ ಹಾಕಿ ಹೇಳಿದ್ದ, ಇದೊಂದು ಗಾಡಿ ಸರಿಯಾಗಿ ಹೊರಗೆ ಬರ್ಲಿ ಮಗಾ, ಅಲ್ಲಿ ಎಲ್ಲಾ ನೀನೇ ನೋಡ್ಕೊಳ್ಳೋದು, ನಿನ್ ಹೆಸರೇ ಬೋರ್ಡಲ್ಲಿ ಹಾಕ್ಸೋಣ ಬೇಕಾದ್ರೆ, ಸಾಬ್ರಿಗೆ ಆಮೇಲೆ ಹೇಳೋಣ. ಬೋರ್ಡಿನಲ್ಲಿ ಹೆಸರು. ಆ ರಾತ್ರಿ ಶೆಟ್ಟಿಹಳ್ಳಿಯ ಮನೆಯಲ್ಲಿ ನಿದ್ದೆಯೇ ಬರಲಿಲ್ಲ, ಗೋಡೆಯ ಮೇಲೆ ಬೆರಳಲ್ಲಿ ಬರೆದು ನೋಡಿದ್ದ, ಮುನಿರಾಜು, ದೊಡ್ಡ ಅಕ್ಷರದಲ್ಲಿ, ಎಷ್ಟು ದಿನದ ಮೇಲೆ ಬರೆದದ್ದು ಅದನ್ನು. ಈಗ ಮಧುಶ್ರೀಯ ಮೊಬೈಲಿನಲ್ಲಿ ಅದೇ ಮುನಿರಾಜು ಹಿಂದಕ್ಕೆ ಹಾರುತ್ತಿದ್ದಾನೆ, ಸಂಜೆಯೊಳಗೆ ಊರ ತುಂಬಾ ಹಾರುತ್ತಾನೆ. ಮತ್ತೆ ಈ ಉಸ್ತಾದರು ಯಾಕೆ ಹೀಗೆ ಕೂಗಾಡುತ್ತಿದ್ದಾರೆ, ಇವರೇ ಅಲ್ಲವಾ ಹೇಳಿದ್ದು, ಎಂಜಿನ್ ಚೈನುರಾಟೆಯಿಂದ ನೇತಾಡುತ್ತಿತ್ತು, ಅವನು ಕೆಳಗೆ ಕೂತು ಅದನ್ನು ಕೂರಿಸುವ ಮೌಂಟಿನ ಜಾಗ ನೋಡುತ್ತಿದ್ದ, ಉಸ್ತಾದರು ಸ್ಟೂಲಿನ ಮೇಲೆ ಕೂತು ಟೀ ಕುಡಿಯುತ್ತ, ಸೈಲೆನ್ಸರ್ ಡ್ರೈವರ್ ಬೆನ್ನಿಗೆ ಬರುತ್ತೆ ಕಣೋ, ಬೆನ್ನು ಸುಟ್ಟೋಗುತ್ತೆ, ತಿರುಗ್ಸು, ಹಿಂದಕ್ಕೆ ಹೋಗ್ಲಿ ಅದು, ಅಂದರು, ಅಂದು ಕೈ ಎತ್ತಿ ಐದು ಬೆರಳನ್ನೂ ಕೆಳಕ್ಕೆ ಅಗಲಿಸಿ, ಡಬ್ಬಿಯ ಮುಚ್ಚಳ ಬಿಚ್ಚುವ ಹಾಗೆ ಗಾಳಿಯಲ್ಲಿ ಅರ್ಧ ಸುತ್ತು ತಿರುಗಿಸಿದರು, ಹಿಂಗೆ. ಅವನು ತಿರುಗಿಸಿದ. ಯಾಕೆ ಅಂತ ಕೇಳಲಿಲ್ಲ, ಉಸ್ತಾದ್ ಹೇಳಿದ ಮೇಲೆ ಮುಗಿಯಿತು, ಈ ಶೆಡ್ಡಿನಲ್ಲಿ ಮಾತು ಮೇಲಿನಿಂದ ಕೆಳಕ್ಕೆ ಮಾತ್ರ ಬರುತ್ತದೆ. ಜಾಕಿ ಮೇಲೆ ಒಮ್ಮೆ ಓಡಿಸಿ ನೋಡೋಣ ಉಸ್ತಾದ್ ಅಂದಾಗಲೂ, ಬೇಡ, ಎಲ್ಲರ ಮುಂದೇನೇ ಮೊದಲ ಸಲ ಹೊರಡ್ಬೇಕು ಗಾಡಿ, ಶಗುನ ಅದು, ಅಂದವರೂ ಇವರೇ. ಹಲ್ಕಟ್ ಮುದುಕ, ಸುಳ್ಳು ಹೇಳುತ್ತಿದ್ದಾನೆ, ಹೆಸರು ಉಳಿಸಿಕೊಳ್ಳುವುದಕ್ಕೆ ನನ್ನ ತಲೆ ಕೊಡುತ್ತಿದ್ದಾನೆ, ಹೇಳಿಬಿಡಬೇಕು, ಈಗಲೇ, ಇಲ್ಲೇ, ಸೀಟಿನಲ್ಲಿ ಕೂತೇ.

ತಪ್ಪು ಯಾವಾಗಲೂ ಶಾಗಿರ್ದನದೇ, ಕೆಲಸ ಕಲಿಯುವ ಹುಡುಗನದೇ, ಅದು ಗೊತ್ತು, ಗಿರಾಕಿಯ ಮುಂದೆ ಉಸ್ತಾದ್ ಬೈಯುತ್ತಾರೆ, ಬೈಯುತ್ತಲೇ ಕದ್ದು ಕಣ್ಣು ಹೊಡೆಯುತ್ತಾರೆ, ಗಿರಾಕಿ ಹೋದ ಮೇಲೆ ಬನ್ನು ಟೀ ತರಿಸುತ್ತಾರೆ, ಬೈಸ್ಕೊಂಡಿದ್ದಕ್ಕೆ ಬನ್ನಲ್ಲಿ ಎರಡು ಬೆಣ್ಣೆ ಹಾಕ್ಸಿದೀನಿ ತಿನ್ನು ಅನ್ನುತ್ತಾರೆ, ಎಷ್ಟು ಸಲ ತಿಂದಿದ್ದಾನೆ ಆ ಬನ್ನು. ಸ್ಕೂಲಿನಲ್ಲಿ ಬನ್ನಿರಲಿಲ್ಲ. ನಲ್ಲಿ ಮುರಿದದ್ದು ನಾನಲ್ಲ ಸಾರ್, ನಿಮ್ಮ ಮಗನೇ ಎಂದು ಎದ್ದು ನಿಂತು ಮೇಷ್ಟರಿಗೇ ಹೇಳಿದ್ದ, ಇಡೀ ಕ್ಲಾಸಿನ ಎದುರು, ನಿಜ ಹೇಳಿದ್ದ, ಆಮೇಲೆ ಆ ಗೇಟಿನೊಳಕ್ಕೆ ಅವನು ಹೋಗಿಲ್ಲ, ನಿಜ ಹೇಳಿದ್ದಕ್ಕೆ ಸಿಕ್ಕಿದ್ದು ಈ ಶೆಡ್ಡು. ಇದೂ ಗಿರಾಕಿಗೆ ತೋರಿಸುವ ಬೈಗುಳವೇ ಆಗಿದ್ದರೆ ಉಸ್ತಾದರು ಈಗಲೂ ಕಣ್ಣು ಹೊಡೆಯಬೇಕಿತ್ತು. ಅವನು ತಲೆ ಎತ್ತಿ ನೋಡುತ್ತಾನೆ, ಬಿಸಿಲಿನ ಕೋಲನ್ನು ತಪ್ಪಿಸಿಕೊಂಡು, ನೋಡುತ್ತಾನೆ ಆ ಮುಖವನ್ನು, ಬಿಳಿ ಗಡ್ಡ ನಡುಗುತ್ತಿದೆ, ಕಣ್ಣಿನಲ್ಲಿ ನೀರು ಬಂದಿದೆ ಸಿಟ್ಟಿಗೆ, ಆ ಕಣ್ಣು ಅವನನ್ನು ನೆಟ್ಟಗೆ ನೋಡುತ್ತಿದೆ, ಎಲ್ಲೂ ಜಾರಿಕೊಳ್ಳುತ್ತಿಲ್ಲ, ಸುಳ್ಳು ಹೇಳುವಾಗ ಉಸ್ತಾದರು ಗಡ್ಡ ಕೆರೆಯುತ್ತಾರೆ, ಈಗ ಕೆರೆಯುತ್ತಿಲ್ಲ, ಇದು ನಿಜವಾದ ಸಿಟ್ಟು, ಅಂದರೆ — ಅಂದರೆ ಇವರಿಗೆ ನೆನಪೇ ಇಲ್ಲ. ಹೊಟ್ಟೆಯ ಮೇಲಿನ ಕೈ ನಿಂತುಬಿಡುತ್ತದೆ. ಹೇಳಿದ್ದು ನೆನಪಿಲ್ಲ. ಮೊನ್ನೆ ಜಾಲಹಳ್ಳಿ ಕ್ರಾಸಿನಿಂದ ಫೋನು, ಮುನ್ನಾ, ನಾನ್ ಈಗ ಎಲ್ಲಿಗೆ ಬರ್ಬೇಕು, ಅವನು ತಮಾಷೆ ಎಂದುಕೊಂಡ, ಆರ್.ಟಿ. ನಗರದಿಂದ ದಿನಾ ಬರುವ ದಾರಿ, ಶೆಡ್ಡಿಗೆ ಬನ್ನಿ ಉಸ್ತಾದ್, ಬಿರಿಯಾನಿ ಕಾಯ್ತಿದೆ ಅಂದ, ಆ ಕಡೆ ಬಸ್ಸಿನ ಹಾರನ್ನು ಕೇಳಿಸಿತು, ಆಮೇಲೆ ಹಾಂ ಹಾಂ ಎಂದು ನಕ್ಕಿದ್ದರು. ಪಾನಾ ಕೈಯಲ್ಲೇ ಹಿಡಿದುಕೊಂಡು ಪಾನಾ ಎಲ್ಲೋ ಎಂದು ಬೈದದ್ದು. ಬಿಗಿದ ಬೋಲ್ಟನ್ನು ಮತ್ತೆ ಬಿಗಿದು, ಮತ್ತೆ ಬಿಗಿದು, ತಲೆ ಮುರಿದದ್ದು. ವಯಸ್ಸಾಯ್ತಲ್ಲ ಎಂದುಕೊಂಡಿದ್ದ, ನಗುತ್ತಿದ್ದ, ಮತ್ತೆ ಆ ಕೈ ಕಣ್ಣ ಮುಂದೆ, ಐದು ಬೆರಳು ಕೆಳಕ್ಕೆ, ಅರ್ಧ ಸುತ್ತು, ಅಷ್ಟು ಖಾತ್ರಿಯಾಗಿ, ಐವತ್ತು ವರ್ಷ ಎಂಜಿನ್ ಇಳಿಸಿದ ಕೈ, ಅದಕ್ಕೆ ಗೊತ್ತಿರಬೇಕಿತ್ತು ತಿರುಗಿಸಿದರೆ ಏನಾಗುತ್ತದೆಂದು, ಗೊತ್ತಿತ್ತು, ಮರೆತುಹೋಗಿತ್ತು, ಈಗ ಮರೆತದ್ದೂ ಮರೆತುಹೋಗಿದೆ.

ಬಕಲ್ಲು ಟಪ್ಪನೆ ಬಿಟ್ಟುಕೊಳ್ಳುತ್ತದೆ, ಅದಕ್ಕೀಗ ಬುದ್ಧಿ ಬಂತು. ಪಟ್ಟಿಗಳು ಹೆಗಲಿಂದ ಜಾರುತ್ತವೆ, ಹೇಳಿದರೆ ಏನಾಗುತ್ತದೆ, ಪುನೀತ್ ನಂಬುತ್ತಾನೆ, ಯಲಹಂಕ ಉಳಿಯುತ್ತದೆ, ಬೋರ್ಡು ಉಳಿಯುತ್ತದೆ, ಇಲ್ಲಿ ನಿಂತವರೆಲ್ಲ ನಾಳೆಯಿಂದ ಲಾಲ್ ಸಾಬ್ರಿಗೆ ತಲೆ ಕೆಟ್ಟಿದೆಯಂತೆ, ಬ್ರೇಕ್ ಹಾಕೋದೂ ಮರೀತಾರೇನೋ ಗುರು, ಅನ್ನುತ್ತಾರೆ, ಈ ಬಾಗಿಲಿಗೆ ಒಂದು ಸ್ಕೂಟರೂ ಬರುವುದಿಲ್ಲ, ಮುಖ್ಯವಾಗಿ ಉಸ್ತಾದರಿಗೇ ಗೊತ್ತಾಗುತ್ತದೆ, ತಾನು ಮರೆಯುತ್ತಿದ್ದೇನೆ ಅನ್ನುವುದು, ಮೊದಲ ಸಲ, ಎಲ್ಲರ ಮುಂದೆ, ಮಧುಶ್ರೀಯ ಮೊಬೈಲಿನ ಮುಂದೆ. ಹೇಳದಿದ್ದರೆ ಹಿಂದೆ ಮುಂದೆ ಗೊತ್ತಿಲ್ಲದ ಮುನ್ನಾ, ಜೀವಮಾನವಿಡೀ ಅದೇ, ಇದೇ ತಗಡು, ಇದೇ ತೂತು, ಮರೆಯುವ ಮುದುಕನ ಹಿಂದೆ ಹಿಂದೆ ಓಡಾಡುತ್ತ ಬೋಲ್ಟು ಸರಿಮಾಡುತ್ತ, ಅವರು ಮಾಡಿದ ಪ್ರತಿಯೊಂದಕ್ಕೂ ಬೈಸಿಕೊಳ್ಳುತ್ತ, ಯಾಕೆ, ನಾನೇನು ಅವರ ಮಗನಾ, ಪ್ರೀತಿ ಗೀತಿ ಏನೂ ಇಲ್ಲ, ಸಿಟ್ಟೇ ಇರುವುದು, ಮೈಯೆಲ್ಲ ಸಿಟ್ಟು, ಸಿಟ್ಟಿಗೂ ಈ ಶೆಡ್ಡಿನಲ್ಲಿ ಹೊರಗೆ ಹೋಗುವ ದಾರಿ ಇಲ್ಲ. ಕಾರಿಗೆ ಬಾಗಿಲಿಲ್ಲ, ಪೈಪಿನ ಮೇಲಿಂದ ಕಾಲು ಎತ್ತಿ ಇಳಿಯುತ್ತಾನೆ, ಪುನೀತ್ ಹತ್ತಿರ ಬಂದಿದ್ದಾನೆ, ನಗುತ್ತಿಲ್ಲ ಅವನು, ಮಗಾ, ಬೈಗುಳ ಎಲ್ಲಾ ಬಿಡು, ನಂಗೊಂದೇ ಮಾತು ಹೇಳು, ತಿರುಗ್ಸಿದ್ದು ನಿನ್ ಐಡಿಯಾನಾ, ಇಲ್ಲಾ ಯಾರಾದ್ರೂ ಹೇಳಿದ್ರಾ, ನೋಡು, ನಾಳೆ ನಿನ್ನ ನಂಬ್ಕೊಂಡು ಬೇರೆಯವರ ಗಾಡಿ ಬಿಚ್ಚೋನು ನಾನು. ಒಳ್ಳೆಯ ಮನುಷ್ಯ, ಬಾಗಿಲು ತೆರೆದು ಹಿಡಿದುಕೊಂಡು ನಿಂತಿದ್ದಾನೆ, ಒಂದು ಹೆಸರು ಹೇಳಿದರೆ ಸಾಕು, ಬಾಯಿ ತೆರೆಯುತ್ತದೆ, ನಾಲಿಗೆಯ ತುದಿಯಲ್ಲಿ ಆ ಹೆಸರು, ಅಷ್ಟರಲ್ಲಿ ಉಸ್ತಾದರೇ ನುಗ್ಗಿ ಬಂದು, ಹಾಂ, ಅದನ್ನೇ ನಾನೂ ಕೇಳ್ತಿರೋದು, ಹೇಳೋ ಮುನ್ನಾ, ಎಲ್ಲರ ಮುಂದೆ ಹೇಳು, ಯಾವ ಗಧಾ, ಯಾವ ಕತ್ತೆ ನಿಂಗೆ ಎಂಜಿನ್ ಹಿಂಗೆ ತಿರುಗ್ಸು ಅಂತ ಹೇಳಿದ್ದು, ಅನ್ನುತ್ತಾರೆ, ಹಿಂಗೆ ಅನ್ನುವಾಗ ಅವರ ಬಲಗೈ ತಾನಾಗಿ ಮೇಲೇಳುತ್ತದೆ, ಐದು ಬೆರಳು ಕೆಳಕ್ಕೆ ಅಗಲುತ್ತವೆ, ಗ್ರೀಸು ಕೂತ ಗೆರೆಗಳು, ಡಬ್ಬಿಯ ಮುಚ್ಚಳ ಬಿಚ್ಚುವ ಹಾಗೆ ಗಾಳಿಯಲ್ಲಿ ಅರ್ಧ ಸುತ್ತು.

ಹೆಸರು ನಾಲಿಗೆಯಿಂದ ಒಳಕ್ಕೇ ಇಳಿಯುತ್ತದೆ. ಅವನು ನಡೆಯುತ್ತಾನೆ, ಪುನೀತನ ಪಕ್ಕದಿಂದ, ಮೊಬೈಲಿನ ಪಕ್ಕದಿಂದ, ನೋಡಿದ್ರಾ ಜವಾಬಿಲ್ಲ ಇವನ ಹತ್ರ ಎಂದು ಉಸ್ತಾದರು ಬೆನ್ನಿಗೆ ಎಸೆಯುತ್ತಾರೆ, ಮಗಾ, ಏ ಮಗಾ, ನಿಂತ್ಕೋ, ಎಂದು ಪುನೀತ್, ಹೆಸರಘಟ್ಟ ರಸ್ತೆಯ ಕಡೆ ಹೋಗುವ ಗಲ್ಲಿ, ಯಾರೋ ಬಕೆಟ್ಟಿನಿಂದ ನೀರು ಚೆಲ್ಲುತ್ತಿದ್ದಾರೆ, ಆಟೊ ಒಂದು ಹತ್ತಿರ ಬಂದು ಬರ್ತೀರಾ ಅನ್ನುತ್ತದೆ, ಎಲ್ಲಿಗೆ, ನಾಳೆ ಇಲ್ಲಿಗೆ ಬರುತ್ತೇನಾ ಇಲ್ಲವಾ ಎಂದು ಯೋಚಿಸಬೇಕು, ಯಲಹಂಕ ಎಂದು ಯೋಚಿಸಬೇಕು, ಅಮ್ಮನಿಗೆ ಏನು ಹೇಳುವುದು ಎಂದು ಯೋಚಿಸಬೇಕು, ಯೋಚನೆ ಒಂದಡಿ ಹೋಗಿ ಅಲ್ಲೇ ನಿಲ್ಲುತ್ತದೆ, ಮತ್ತೆ ಶುರುಮಾಡುತ್ತಾನೆ, ಅಮ್ಮನಿಗೆ — ಆ ಕೈ, ಯಲಹಂಕ — ಆ ಕೈ, ಗಾಳಿಯಲ್ಲಿ, ಎಲ್ಲರ ಮುಂದೆ, ಅಷ್ಟು ಖಾತ್ರಿಯಾಗಿ ಅರ್ಧ ಸುತ್ತು ತಿರುಗಿ, ಯಾಕೆ ತಿರುಗಿದೆನೆಂದು ತನಗೇ ಗೊತ್ತಿಲ್ಲದೆ ಹಾಗೇ ನಿಂತಿರುವ ಕೈ.