ನೋವಾದಾಗ ಒಂದು

"ಇದರ ಮ್ಯಾಲ ಒಂದು ಸಿಕ್ಕಾ ಹೊಡದು ಕೊಡ್ರಿ ಡಾಕ್ಟರ್ ಬಾಯಾರೆ, ಅಷ್ಟು ಸಾಕು. ಹೊಸಾದೇನೂ ಬರಿಯೂದು ಬ್ಯಾಡ" ಎಂದಳು ಸುಮನಬಾಯಿ, ಕೈಚೀಲದಿಂದ ಚೀಟಿಯೊಂದನ್ನು ತೆಗೆದು ಮೇಜಿನ ಮೇಲಿಡುತ್ತ.

ಡಾಕ್ಟರ್ ರತ್ನಮಾಲಾ ಕನ್ನಡಕ ಏರಿಸಿ ನೋಡಿದರು. ಚೀಟಿಗೆ ಲ್ಯಾಮಿನೇಷನ್ ಮಾಡಿಸಲಾಗಿತ್ತು. ಜನ ರೇಷನ್ ಕಾರ್ಡಿಗೆ, ಮಗಳ ಮಾರ್ಕ್ಸ್ ಕಾರ್ಡಿಗೆ, ದೇವರ ಫೋಟೋಕ್ಕೆ ಮಾಡಿಸುವುದನ್ನು ಅವರು ಕಂಡಿದ್ದರು. ಔಷಧದ ಚೀಟಿಗೆ ಮಾಡಿಸಿದ್ದನ್ನು ಕಂಡಿರಲಿಲ್ಲ. ಪ್ಲಾಸ್ಟಿಕ್ಕಿನ ಒಳಗೆ ಬಸವಕಲ್ಯಾಣದ ತಮ್ಮದೇ ದವಾಖಾನೆಯ ಹೆಸರು, ತಮ್ಮದೇ ಕೈಬರಹ. ಕಾಶಿರಾಮ, ವಯಸ್ಸು ನಲವತ್ತೊಂದು. ಟ್ರಾಮಾಡಾಲ್. ಅದರ ಕೆಳಗೆ, ಯಾರಾದರೂ ಓದಿ ಹೇಳಲಿ ಎಂದು ದಪ್ಪ ಕನ್ನಡ ಅಕ್ಷರಗಳಲ್ಲಿ: ನೋವಾದಾಗ ಒಂದು. ಎಷ್ಟು ದಿನ ಎಂಬುದು ಎಲ್ಲೂ ಇರಲಿಲ್ಲ. ತಾರೀಖು ನಾಲ್ಕು ವರ್ಷ ಹಿಂದಿನದು.

ನೆನಪಾಯಿತು. ಹುಮನಾಬಾದಿನ ಧಾನ್ಯದ ಪೇಟೆ ಗಂಜಿನಲ್ಲಿ ಲಾರಿಗೆ ತೊಗರಿ ಚೀಲ ಏರಿಸುವಾಗ ಹಲಗೆಯ ಮೇಲಿಂದ ಜಾರಿಬಿದ್ದ ಹಮಾಲ. ಬೆನ್ನು ಹಿಡಿದುಕೊಂಡು, ನೆಲ ನೋಡುತ್ತಲೇ ಒಳಗೆ ಬಂದಿದ್ದ. ಪ್ರತಿ ಸಲ ಇಲ್ಲಿಗೆ ಬಂದು ಹೋಗಲು ಒಂದು ದಿನದ ಕೂಲಿ ತಪ್ಪುತ್ತದೆ ಎಂದು ನಾಚಿಕೊಂಡು ಹೇಳಿದ್ದ. "ಯಾಕ ಓಡಾಡ್ತೀ? ಇದನ್ನೇ ಇಟ್ಟಕೋ, ಅಲ್ಲೇ ತಗೋ" ಎಂದು ತಾವೇ ಹೇಳಿ ಕಳುಹಿಸಿದ್ದರು. ಅವತ್ತು ಊಟಕ್ಕೆ ಕುಳಿತಾಗ ಒಂದು ಒಳ್ಳೆಯ ಕೆಲಸ ಮಾಡಿದ ಸಮಾಧಾನವೂ ಆಗಿತ್ತು. ಬಡವರ ಡಾಕ್ಟರ್ ಎಂಬ ಹೆಸರು ಸುಮ್ಮನೆ ಬರುವುದಿಲ್ಲ, ಇಂಥವುಗಳಿಂದಲೇ ಬರುತ್ತದೆ.

"ದಿನಕ್ಕ ಎಷ್ಟು ತಗೋತಾನ ನಿನ್ನ ಗಂಡ?"

"ನೋವಾದಾಗ ಒಂದ್ರಿ. ನೀವು ಬರದಂಗನ."

"ಅದಲ್ಲ ಸುಮನಬಾಯಿ. ದಿನಕ್ಕ ಎಷ್ಟು ಸಲ ನೋವಾಗ್ತದ?"

ಸುಮನಬಾಯಿ ಬೆರಳು ಮಡಿಚತೊಡಗಿದಳು. ಒಂದು ಕೈ ಮುಗಿದು ಎರಡನೆಯದಕ್ಕೆ ಬಂದಳು. ಅದೂ ಮುಗಿಯಿತು. "ಹತ್ತು ಅನ್ರಿ. ಒಮ್ಮೊಮ್ಮೆ ಹನ್ನೆರಡು."

ರತ್ನಮಾಲಾ ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ದಿನಕ್ಕೆ ಎರಡು, ಅದೂ ಹದಿನೈದು ದಿನಕ್ಕೆ. ಮನಸ್ಸಿನಲ್ಲಿದ್ದದ್ದನ್ನು ಚೀಟಿಗೆ ಇಳಿಸಿರಲಿಲ್ಲ, ಅಷ್ಟೇ.

"ಫಿಟ್ಸ್ ಏನರ ಬಂದಿತ್ತೇನು?"

"ದೀಪಾವಳಿ ಮುಂದ ಬಂದಿತ್ರಿ. ನಾಲಿಗಿ ಕಚ್ಚಕೊಂಡ್ರು. ಅವತ್ತು ಗುಳಿಗಿ ತಡ ಆಗಿತ್ತು, ಅದಕ್ಕ ಬಂತು. ಮತ್ತೆರಡು ನುಂಗಿಸಿದೆ, ನೆಟ್ಟಗಾದ್ರು." ಅವಳ ದನಿಯಲ್ಲಿ ಸರಿಯಾದದ್ದನ್ನು ಮಾಡಿದ ಹೆಣ್ಣಿನ ನೆಮ್ಮದಿಯಿತ್ತು. "ಈಗ ಸೋಮವಾರ ಯಾರೋ ಸಾಹೇಬರು ಬಂದು ಗುಳಿಗಿ ಅಂಗಡಿ ನೋಡಿ ಹೋಗ್ಯಾರಂತ. ಹಳೇ ಚೀಟಿ ನಡಿಯಂಗಿಲ್ಲ ಅಂತಾನ ಅಂಗಡಿಯವ. ಮೊದಲ ಹಂಗಿದ್ದಿಲ್ರಿ. ಹೆಸರು, ವಯಸ್ಸು ಕೇಳ್ತಿದ್ದ. ಚೀಟ್ಯಾಗ ಇದ್ದಂಗ ಹೇಳಿದ್ರ ಕೊಟ್ಟಬಿಡ್ತಿದ್ದ. ಮೂರು ದಿನ ಆತು, ಮಲಗವಲ್ರು, ಕುಂಡ್ರವಲ್ರು. ಮೂಗು, ಕಣ್ಣು ಎಲ್ಲಾ ಸೋರಾಕತ್ತಾವ. ಕಾಲು ಗ್ವಾಡಿಗೆ ಒದ್ಯಾಕತ್ತಾರ."

ರತ್ನಮಾಲಾ ಚೀಟಿಯನ್ನು ತಮ್ಮತ್ತ ಎಳೆದುಕೊಳ್ಳಲು ಕೈಚಾಚಿದರು. ಅದಕ್ಕೂ ಮೊದಲೇ ಸುಮನಬಾಯಿಯ ಕೈ ಅದರ ಮೇಲಿತ್ತು.

"ಇದನ್ನ ನನ್ನ ಹತ್ರ ಬಿಟ್ಟು ಹೋಗು."

"ಅದ್ಹ್ಯಾಂಗ ಆಗ್ತದ್ರಿ? ಅಂಗಿ ಕಿಸೆದಾಗ ಬೆವರಿಗೆ ತೊಯ್ದು ಅಕ್ಷರ ಹೋಗಾಕತ್ತಿದ್ವು. ನಾನೇ ಒಯ್ದು ಪ್ಲಾಸ್ಟಿಕ್ ಹಾಕಿಸೀನಿ. ಕೊಡಂಗಿಲ್ರಿ ಇದು."

ಅಫೀಮಿನ ಜಾತಿಯ ಗುಳಿಗೆ ಇದು, ಮೈಗೆ ಹತ್ತಿಕೊಂಡರೆ ಬಿಡುವುದಿಲ್ಲ, ಹೆಚ್ಚಾದರೆ ಫಿಟ್ಸ್ ತರುವುದೂ ಇದೇ, ಒಮ್ಮೆಲೇ ನಿಲ್ಲಿಸಿದರೂ ಕಷ್ಟ, ಒಂದೊಂದೇ ಕಡಿಮೆ ಮಾಡುತ್ತ ಇಳಿಸಬೇಕು, ಅದಕ್ಕೆ ಹತ್ತು ದಿನಕ್ಕೊಮ್ಮೆ ಅವನನ್ನು ಕರೆತರಬೇಕು ಎಂದು ಡಾಕ್ಟರ್ ಬಿಡಿಸಿ ಹೇಳಿದರು. ಸುಮನಬಾಯಿ ಎಲ್ಲವನ್ನೂ ಕೇಳಿದಳು. ಕೇಳಿ, "ಹತ್ತು ದಿನಕ್ಕೊಮ್ಮೆ? ನೀವೇ ಅಂದಿದ್ರೆಲ್ರಿ, ಯಾಕ ಓಡಾಡ್ತೀ ಅಂತ" ಎಂದಳು. ಅವಳು ಹಂಗಿಸಲಿಲ್ಲ, ನಿಜವಾಗಿಯೇ ಕೇಳಿದಳು.

ಕೊನೆಗೆ ರತ್ನಮಾಲಾ ಹೊಸ ಚೀಟಿಯಲ್ಲಿ ತಾರೀಖು ಹಾಕಿ, ಮೂರೇ ದಿನಕ್ಕೆ ಎಣಿಸಿ ಬರೆದುಕೊಟ್ಟರು. ಭಾನುವಾರ ತಾವೇ ಹುಮನಾಬಾದಿಗೆ ಬಂದು ಅವನನ್ನು ನೋಡುವುದಾಗಿ, ಆಗ ಹಳೆಯ ಚೀಟಿಯನ್ನು ತಮ್ಮ ಕೈಗೆ ಕೊಡಬೇಕೆಂದು ಮಾತು ಕೇಳಿದರು. "ಬರ್ರಿ, ನೋಡೂಣು" ಎಂದಷ್ಟೇ ಹೇಳಿ ಅವಳು ಬಸ್ಸಿಗೆ ನಡೆದಳು.

ಅವಳು ಹೋದ ಮೇಲೆ ರತ್ನಮಾಲಾ ಡಾಕ್ಟರ್ ಅನೀಲಕುಮಾರನಿಗೆ ಫೋನು ಮಾಡಿದರು. ಅವನು ಊರಿನ ಡಾಕ್ಟರುಗಳ ಸಂಘದ ಕಾರ್ಯದರ್ಶಿ. ಇಂಥ ಗುಳಿಗೆ ಬರೆದರೆ ಎಣಿಕೆ ಬೇಕು, ನಕಲು ಇಡಬೇಕು, ಅನಾಹುತವಾದರೆ ಬರೆದವರೇ ಉತ್ತರ ಕೊಡಬೇಕು ಎಂಬ ಬಿಗಿ ನಿಯಮದ ಮಾತು ಜಿಲ್ಲೆಯಲ್ಲಿ ನಡೆದಿತ್ತು. ಅದನ್ನು ವಿರೋಧಿಸುವ ಮನವಿಯಲ್ಲಿ ಮೊದಲ ಸಹಿ ರತ್ನಮಾಲಾರದು. "ಡಾಕ್ಟರನ ಮನಸ್ಸಾಕ್ಷಿಗಿಂತ ದೊಡ್ಡ ಇನ್ಸ್‌ಪೆಕ್ಟರ್ ಇಲ್ಲ" ಎಂಬ ವಾಕ್ಯವೂ ಅವರದೇ.

"ನನ್ನ ಹೆಸರು ತಗದುಬಿಡು ಅನೀಲ."

"ಅದು ಹೋಗಿ ಎರಡು ದಿನ ಆತಲ್ರಿ ಮೇಡಂ. ಏನಾತು?" ಅವನು ಕೇಳಿದ. ಎಲ್ಲ ಕೇಳಿಸಿಕೊಂಡು ನಿಟ್ಟುಸಿರುಬಿಟ್ಟ. "ನೋಡ್ರಿ, ಕಾಯ್ದೆ ಬಿಗಿ ಆದ್ರ ಹೆದರೋರು ನಾವೇ. ನಾಳೆ ಕ್ಯಾನ್ಸರ್ ಆದಾಕಿ ಹಾಸಿಗಿ ಮ್ಯಾಲ ಒದರಾಕತ್ತಿದ್ರೂ ಯಾರೂ ಒಂದು ಗುಳಿಗಿ ಬರಿಯಂಗಿಲ್ಲ. ನನ್ನ ಅತ್ತಿ ಹಂಗೇ ಹೋದ್ರು, ನಿಮಗ ಗೊತ್ತದ. ಎಲ್ಲೋ ನಾಲ್ಕು ಮಂದಿ ಕೆಟ್ಟ ಡಾಕ್ಟರ್ ಸಲುವಾಗಿ ನಿಮ್ಮಂಥವರ ಕೈ ಕಟ್ಟೂದು ಯಾವ ನ್ಯಾಯ?"

"ಕೆಟ್ಟ ಡಾಕ್ಟರ್ ಬರದ ಚೀಟಿಗೆ ಯಾರೂ ಪ್ಲಾಸ್ಟಿಕ್ ಹಾಕಸಂಗಿಲ್ಲೋ" ಎಂದು ರತ್ನಮಾಲಾ ಫೋನಿಟ್ಟರು. ಅವನ ಅತ್ತೆಯ ಒದರಾಟವನ್ನು ಅವರೂ ಕೇಳಿದ್ದರು. ಅವನ ಮಾತು ಸುಳ್ಳಲ್ಲ ಎನ್ನುವುದೇ ಅವರನ್ನು ಇನ್ನಷ್ಟು ಕುಗ್ಗಿಸಿತು.

ಭಾನುವಾರ ಬೆಳಿಗ್ಗೆ ಹತ್ತಕ್ಕೆಲ್ಲ ಅವರ ಕಾರು ಹುಮನಾಬಾದ್ ಮುಟ್ಟಿತು. ಗಂಜಿನ ಹಿಂದಿನ ಓಣಿಯಲ್ಲಿ ಹಮಾಲರ ಮನೆಗಳು. ಕಾರ್ಖಾನೆಗಳ ಕಡೆಯಿಂದ ಗಾಳಿ ತಿರುಗಿದ್ದರಿಂದ ಗಂಟಲು ಕೆರೆಯುವ ವಾಸನೆಯಿತ್ತು. ಸುಮನಬಾಯಿ ಬಾಗಿಲಲ್ಲೇ ಕಾದಿದ್ದಳು.

ಕಾಶಿರಾಮನಿಗೆ ಈಗ ನಲವತ್ತೈದು. ಗೊತ್ತಿಲ್ಲದವರು ಅರವತ್ತು ಎನ್ನುತ್ತಿದ್ದರು. ಹೊರಸಿನ ಮೇಲಿಂದ ಏಳಲು ನೋಡಿದ. ಡಾಕ್ಟರ್ ಭುಜ ಹಿಡಿದು ಮಲಗಿಸಿದರು. ಬೆನ್ನುಮೂಳೆಯ ಗುಂಟ ಬೆರಳಾಡಿಸಿದಾಗ, ಅವತ್ತು ಒಂದು ಕಡೆ ಇದ್ದ ಪೆಟ್ಟು ಈಗ ಸೊಂಟದವರೆಗೂ ಇಳಿದದ್ದು ತಿಳಿಯಿತು. ಎಡಗಾಲಿನ ಬೆರಳುಗಳನ್ನು ಮುಟ್ಟಿದರೆ ಅವನಿಗೆ ಗೊತ್ತಾಗುತ್ತಿರಲಿಲ್ಲ.

"ಕೆಲಸ ಯಾವಾಗ ಬಿಟ್ಟೀ?"

"ಬಿಟ್ಟಿಲ್ರಿ. ಹೋದ ವಾರದ ತನಕ ಹೊತ್ತೀನಿ. ಒಂದು ಗುಳಿಗಿ ನುಂಗಿದ್ರ ಹತ್ತು ಚೀಲ ನಡೀತದ್ರಿ. ನಿಮ್ಮ ಗುಳಿಗಿ ಇರಲಿಲ್ಲಂದ್ರ ಈ ನಾಲ್ಕು ವರ್ಷ ನನ್ನ ಮನಿ ನಡೀತಿದ್ದಿಲ್ಲ."

ಬೆನ್ನು ಬೇಡವೆಂದು ಕೂಗಿದ್ದಾಗಲೆಲ್ಲ ಅದರ ಬಾಯಿ ಮುಚ್ಚಿಸಿ ಅವನು ಚೀಲ ಹೊತ್ತಿದ್ದ. ಮುಚ್ಚಿಸುವ ಬಟ್ಟೆ ಕೊಟ್ಟವರು ಎದುರಿಗೇ ಕುಳಿತಿದ್ದರು.

"ನನ್ನಿಂದ ತಪ್ಪಾಗೇದ ಕಾಶಿರಾಮ" ಎಂದರು ರತ್ನಮಾಲಾ. ಮೂವತ್ತು ವರ್ಷದ ವೈದ್ಯವೃತ್ತಿಯಲ್ಲಿ ಈ ಮಾತನ್ನು ರೋಗಿಯ ಮುಂದೆ ಅವರು ಆಡಿರಲಿಲ್ಲ.

ಕಾಶಿರಾಮ ಗಾಬರಿಯಾದ. "ಎಂಥಾ ಮಾತ್ರಿ ಬಾಯಾರೆ! ಐತವಾರ ದಿನ ನಿಮ್ಮನ್ನ ಇಲ್ಲೀತನಕ ಓಡಿಸಿದ್ದು ನಮ್ದು ತಪ್ಪು" ಎಂದು ಕೈಮುಗಿದ.

ಬೀದರಿನಲ್ಲಿ ಸೇರಿಸಬೇಕು, ನಾನೇ ನಿಂತು ಮಾಡಿಸುತ್ತೇನೆ, ಬೆನ್ನನ್ನೂ ತೋರಿಸೋಣ, ಗುಳಿಗೆಯನ್ನೂ ಬಿಡಿಸೋಣ ಎಂದರು ಡಾಕ್ಟರ್. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡು ತಲೆಯಾಡಿಸಿದರು. ರತ್ನಮಾಲಾರಿಗೆ ಮೂರು ದಿನದಲ್ಲಿ ಮೊದಲ ಸಲ ಉಸಿರು ಸಲೀಸಾಯಿತು. ಒಂದು ಕೈತಪ್ಪು, ಒಬ್ಬ ಮನುಷ್ಯ. ತಿದ್ದಿಕೊಳ್ಳಬಹುದು.

"ಈಗ ಆ ಚೀಟಿ ಕೊಡು ಸುಮನಬಾಯಿ."

ಸುಮನಬಾಯಿ ಸೆರಗಿನ ತುದಿ ತಿರುವಿದಳು. "ಅದು ಮನ್ಯಾಗಿಲ್ರಿ. ನಿನ್ನೆ ದತ್ತು ಒಯ್ದಾರ."

"ದತ್ತು ಯಾರು?"

"ಓಣ್ಯಾಗಿನವರ್ರಿ, ಅವರೂ ಹಮಾಲರು. ಚಿಟಗುಪ್ಪದಾಗ ಒಂದು ಅಂಗಡಿ ಇನ್ನೂ ಕೊಡ್ತದಂತ, ಅದಕ್ಕ..." ಮಾತು ಅಲ್ಲಿಗೇ ನಿಂತಿತು. ಬಾಗಿಲಾಚೆ ಗುಸುಗುಸು ಕೇಳುತ್ತಿತ್ತು.

ರತ್ನಮಾಲಾ ಹೊರಗೆ ಬಂದರು. ಬಸವಕಲ್ಯಾಣದ ಡಾಕ್ಟರ್ ಬಾಯಿ ಬಂದಿದ್ದಾರೆಂದು ಓಣಿಗೆಲ್ಲ ಸುದ್ದಿಯಾಗಿತ್ತು. ಹನ್ನೆರಡು, ಹದಿನೈದು ಗಂಡಸರು ಗೋಡೆಗುಂಟ ನಿಂತಿದ್ದರು. ಕೆಲವರ ಮೂಗು ಸೋರುತ್ತಿತ್ತು. ಸೆಖೆಯ ದಿನವಲ್ಲ, ಆದರೂ ಒಬ್ಬನ ಅಂಗಿ ಬೆನ್ನಿಗೆ ಅಂಟಿತ್ತು. ಸರದಿಯಲ್ಲಿ ಬಂದು ಡಾಕ್ಟರರ ಪಾದ ಮುಟ್ಟಿದರು. "ನಿಮ್ಮ ಕೈಗುಣ ದೊಡ್ಡದ್ರಿ" ಎಂದ ಒಬ್ಬ. ಕಾಲು ಹಿಂದೆಗೆದುಕೊಳ್ಳಬೇಕೆಂದುಕೊಂಡರೂ ರತ್ನಮಾಲಾರಿಗೆ ಆಗಲಿಲ್ಲ. ಯಾರೋ ಖುರ್ಚಿ ತಂದಿಟ್ಟರು. ಅದರಲ್ಲಿ ಕುಳಿತರು.

ಎಷ್ಟು ಮಂದಿ, ಯಾರು ಯಾರು, ದಿನಕ್ಕೆ ಎಷ್ಟೆಷ್ಟು, ಎಲ್ಲವನ್ನೂ ಬರೆದುಕೊಳ್ಳಬೇಕು, ಒಬ್ಬೊಬ್ಬರ ಗುಳಿಗೆಯನ್ನೂ ಇಳಿಸಬೇಕು. ಅವರು ಬ್ಯಾಗಿನಿಂದ ಲೆಟರ್‌ಪ್ಯಾಡ್ ತೆಗೆದು ತೊಡೆಯ ಮೇಲಿಟ್ಟುಕೊಂಡು ಪೆನ್ನು ಹಿಡಿದರು. ಪೆನ್ನು ಕಂಡದ್ದೇ ಗಂಡಸರು ಸಾಲಾಗಿ ನಿಂತರು.

"ದತ್ತು, ನೀವ ಮೊದಲ ಹೋಗ್ರಿ" ಎಂದಳು ಸುಮನಬಾಯಿ. ಹಣೆಯ ಮೇಲೆ ಹಳೆಯ ಗಾಯದ ಗುರುತಿದ್ದವನು ಮುಂದೆ ಬಂದ.

"ಹೆಸರು?"

"ಕಾಶಿರಾಮ್ರಿ" ಎಂದ ಅವನು, ತಡವರಿಸದೆ. "ವಯಸ್ಸು ನಲವತ್ತೊಂದು."

ರತ್ನಮಾಲಾ ತಲೆಯೆತ್ತಿದರು. ಅವನ ಮುಖದಲ್ಲಿ ತುಂಟತನವಾಗಲಿ ಭಯವಾಗಲಿ ಇರಲಿಲ್ಲ. ಅವನ ಹಿಂದಿನವನನ್ನು ಕೇಳಿದರು. ಅವನೂ ಅದನ್ನೇ ಹೇಳಿದ. ಮೂರನೆಯವನನ್ನು ಪಕ್ಕದವರು "ಶಂಶುದ್ದೀನ್ ಚಾಚಾ, ಆಗೆ ಆವೋ" ಎಂದು ಕೈಹಿಡಿದು ಕರೆತಂದರು. ಬಿಳಿ ಗಡ್ಡ, ತಲೆಯ ಮೇಲೆ ಟೋಪಿ, ಎಪ್ಪತ್ತರ ಹತ್ತಿರದ ಮುದುಕ. ನಿಲ್ಲಲಾರದೆ ಖುರ್ಚಿಯ ಕೈ ಹಿಡಿದುಕೊಂಡ.

"ಚಾಚಾ, ನಿಮ್ಮ ಹೆಸರು ಹೇಳ್ರಿ" ಎಂದರು ರತ್ನಮಾಲಾ, ಬಹಳ ಮೆಲ್ಲಗೆ.

ಮುದುಕ ಕಣ್ಣು ಮುಚ್ಚಿ, ಬಾಯಿಪಾಠ ಒಪ್ಪಿಸುವ ಮಗುವಿನಂತೆ ಹೇಳಿದ: "ಕಾಶಿರಾಮ. ನಲವತ್ತೊಂದು."

ಸಾಲಿನಲ್ಲಿ ಯಾರೂ ನಗಲಿಲ್ಲ. ಒಳಗೆ ಹೊರಸಿನ ಮೇಲೆ ಮಲಗಿದ್ದವನು ತನ್ನನ್ನೇ ಕರೆದರೆಂದು ತಿಳಿದು, "ಬಂದೆ ರೀ" ಎಂದು ಓಗೊಟ್ಟು ಏಳಲು ನೋಡಿದ.