ನೆನೆಸಿದ ನೀರು

ಕಾಳು ಪರೀಕ್ಷಿಸುವ ಆ ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ಗಿರಣಿಯಕ್ಕ ಎಂದೇ ಕರೆಯುತ್ತಿದ್ದರು. ಎಲ್ಲೆಲ್ಲಿಂದಲೋ ಬಂದ ಕಾಳುಗಳನ್ನು ಪುಡಿ ಮಾಡಿ, ಸ್ಪಿರಿಟ್ಟಿನಲ್ಲಿ ಕದಡಿ, ಸೋಸಿ, ನೇರಳೆ ಬಣ್ಣದ ದ್ರಾವಣಕ್ಕೆ ಹನಿಸುವುದು ಅವಳ ಕೆಲಸ. ಕಾಳಿನಲ್ಲಿ ಮೈ ಕಾಯುವ ಆಂಟಿಆಕ್ಸಿಡೆಂಟ್ ಹೆಚ್ಚಿದ್ದಷ್ಟೂ ನೇರಳೆ ಇಳಿದು ಹಳದಿಯಾಗುತ್ತದೆ. ಆ ಬೆಳಿಗ್ಗೆ ಹನ್ನೊಂದನೆಯ ನಳಿಕೆ ಮಾತ್ರ ಹಠಮಾರಿ ಮಗುವಿನ ಹಾಗೆ ನೇರಳೆಯಾಗಿಯೇ ಕೂತುಬಿಟ್ಟಿತ್ತು.

ಹನ್ನೊಂದನೆಯದು ಚಿಕ್ಕಮ್ಮನ ಕಪ್ಪು ಕಾಳು. ತಾಯಿ ಸತ್ತ ಮೇಲೆ ಅವಳನ್ನು ಸಾಕಿದ ಚಿಕ್ಕಮ್ಮ. ಆ ಕಾಳನ್ನು ಬಿತ್ತುವವರು ಈಗ ಅವಳೊಬ್ಬಳೇ, ಅವಳಿಗೂ ಮಂಡಿ ಹಿಡಿದುಕೊಂಡು ಇದೇ ಕೊನೆಯ ಬೆಳೆ ಎಂದಾಗಿತ್ತು. ಸಂಜೆ ನಾಲ್ಕಕ್ಕೆ ಸತ್ವವುಳ್ಳ ತಳಿಗಳ ಪಟ್ಟಿ ಬೀಜದ ತೋಟಕ್ಕೆ ಹೋಗುತ್ತದೆ. ಪಟ್ಟಿಯಲ್ಲಿದ್ದುದನ್ನು ಬಿತ್ತಿ ಹಂಚುತ್ತಾರೆ, ಇಲ್ಲದ್ದು ದನದ ಮೇವಿಗೆ. ಪಟ್ಟಿ ತಪ್ಪಿದರೆ ಆ ಕಾಳಿನ ವಂಶ ಅಲ್ಲಿಗೆ ಮುಗಿದಂತೆಯೇ.

ಗಿರಣಿಯಕ್ಕನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಕಾಲು ಸುಟ್ಟ ಬೆಕ್ಕಿನ ಹಾಗೆ ಕಾರಿಡಾರಿನಲ್ಲಿ ಎರಡು ಸಲ ಓಡಾಡಿದಳು, ತೊಳೆದ ಲೋಟಗಳನ್ನೇ ಮತ್ತೆ ತೊಳೆದಳು. ಕೆಟ್ಟ ಸುದ್ದಿ ಬೇರೆಯವರ ಬಾಯಿಂದ ಹೋಗುವುದು ಬೇಡವೆಂದು ಒಂದು ಗಂಟೆಗೆ ಮೆಟ್ಟಿಲ ಮೇಲೆ ಕೂತು ಫೋನು ಮಾಡಿದಳು.

"ಚಿಕ್ಕಮ್ಮ, ನಿನ್ನ ಕಾಳಲ್ಲಿ ಸತ್ವ ಕಮ್ಮಿ ಅಂತ ಬಂತು."

"ಯಾವ ಬಾಯಲ್ಲಿ ಹೇಳ್ತೀಯೆ? ಅದನ್ನೇ ತಿಂದು ಇಷ್ಟುದ್ದ ಬೆಳೆದಿದ್ದೀಯ. ನೆನೆಹಾಕಿದ ನೀರೇ ಮಸಿ ಕದಡಿದ ಹಾಗಿರತ್ತಲ್ಲ."

"ಹೌದು, ಹಾಗೇ ಇತ್ತು. ಚೆಲ್ಲಿದ ಮೇಲೆ ತೊಟ್ಟಿಯೆಲ್ಲ ಕಲೆ."

"ಚೆಲ್ಲಿದ್ಯಾ? ನಾನು ಯಾವತ್ತಾದ್ರೂ ಚೆಲ್ಲಿದ್ದು ನೋಡಿದ್ದೀಯಾ? ಆ ನೀರಲ್ಲೇ ಬೇಯಿಸೋದು ಕಣೆ. ಅದರ ಜೀವ ಇರೋದೇ ಸಿಪ್ಪೆ ಬಣ್ಣದಲ್ಲಿ."

ಗಿರಣಿಯಕ್ಕ ಫೋನಿಟ್ಟು ಒಳಗೆ ಹೋಗಿ ಗಿರಣಿಯ ಮುಂದೆ ನಿಂತಳು. ಕಾಳನ್ನು ಒಣಗಿದ್ದಂತೆಯೇ ಪುಡಿ ಮಾಡಬೇಕು ಎನ್ನುವುದು ಗೋಡೆಯ ಮೇಲೇ ಬರೆದಿದ್ದ ನಿಯಮ. ಆದರೆ ಕಲ್ಲಿನಂಥ ಕಾಳು ಹಾಕಿ ಒಮ್ಮೆ ಗಿರಣಿಯ ಅಲಗು ಮುರಿದು, ಅವಳು ಎಲ್ಲರೆದುರು ಬೈಸಿಕೊಂಡಿದ್ದಳು. ಅಂದಿನಿಂದ ಗಟ್ಟಿ ಕಾಳು ಬಂದರೆ ರಾತ್ರಿ ನೆನೆಹಾಕಿ, ನೀರು ಬಸಿದು, ಒಣಗಿಸಿ, ಆಮೇಲೆ ಪುಡಿ ಮಾಡುತ್ತಿದ್ದಳು. ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅಲಗು ಮುರಿಯಲಿಲ್ಲವಲ್ಲ, ಅದೇ ದೊಡ್ಡ ಹೆಮ್ಮೆ. ಸತ್ವವನ್ನೆಲ್ಲ ಚರಂಡಿಗೆ ಬಸಿದು, ಉಳಿದ ಹೊಟ್ಟಿಗೆ ಅಂಕ ಕೊಡುತ್ತಿದ್ದಳು ಮಹಾರಾಯಗಿತ್ತಿ.

ಈಗ ಹೇಳಿದರೆ ನಿಯಮ ಮುರಿದದ್ದು ಬಯಲಾಗುತ್ತದೆ. ಅದರ ಮೇಲೆ, ಚಿಕ್ಕಮ್ಮನ ಕಾಳೆಂದು ಕಥೆ ಕಟ್ಟುತ್ತಾಳೆ ಎನ್ನುತ್ತಾರೆ. ಹೇಳದಿದ್ದರೆ ನಾಲ್ಕು ಗಂಟೆ ಬರುತ್ತದೆ. ನುಂಗಲೂ ಆಗದ ಉಗುಳಲೂ ಆಗದ ಬಿಸಿತುಪ್ಪ. ಮುಖ್ಯಸ್ಥೆಯ ಬಾಗಿಲವರೆಗೆ ಹೋಗಿ ವಾಪಸು ಬಂದಳು, ಮತ್ತೆ ಹೋದಳು. ಮೂರನೆಯ ಸಲ ಒಳಗಿನಿಂದಲೇ ದನಿ ಬಂತು: "ಯಾರದು? ಬರೋದಾದ್ರೆ ಬನ್ನಿ, ಇಲ್ಲಾಂದ್ರೆ ಚಪ್ಪಲಿ ಸವೀತದೆ."

ಅವಳು ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು. ಚಿಕ್ಕಮ್ಮನ ವಿಷಯವನ್ನೂ ಮುಚ್ಚಿಡಲಿಲ್ಲ. "ನಾನು ಮುಟ್ಟಲ್ಲ ಮೇಡಂ. ಬೇರೆ ಯಾರಾದ್ರೂ ಮಾಡಲಿ."

ಮುಖ್ಯಸ್ಥೆ ಬೈಯಲಿಲ್ಲ. ಚೀಲದಲ್ಲಿ ಉಳಿದಿದ್ದ ಒಂದು ಹಿಡಿ ಕಾಳನ್ನು ತಾನೇ ಕಬ್ಬಿಣದ ಕುಟ್ಟಾಣಿಗೆ ಸುರಿದು, ಅಂಗಿಯ ತೋಳು ಮಡಚಿ ಕುಟ್ಟತೊಡಗಿದಳು. ಗಿರಣಿಯಕ್ಕ ಗಾಜಿನ ಬಾಗಿಲ ಹೊರಗೆ ನಿಂತಳು, ಕೂತಳು, ಎದ್ದಳು. ಗಡಿಯಾರ ಕೈಕೊಟ್ಟಿದೆಯೇನೋ ಎಂದು ಫೋನಿನಲ್ಲೂ ಸಮಯ ನೋಡಿದಳು. ಮೂರೂವರೆಗೆ ಮುಖ್ಯಸ್ಥೆ ನಳಿಕೆಯನ್ನು ಬೆಳಕಿಗೆ ಹಿಡಿದಳು. ನೇರಳೆ ಹೆಸರಿಗೂ ಉಳಿದಿರಲಿಲ್ಲ, ಅಪ್ಪಟ ಹಳದಿ.

ಹನ್ನೊಂದನೆಯ ಕಾಳು ಪಟ್ಟಿ ಸೇರಿತು, ಪಟ್ಟಿ ಹೊತ್ತಿಗೆ ಸರಿಯಾಗಿ ಹೊರಟಿತು. ಗಿರಣಿಯಕ್ಕನಿಗೆ ಹೋದ ಜೀವ ಬಂದಂತಾಯಿತು, ಅಳುವೂ ಬಂತು. ಚಿಕ್ಕಮ್ಮನಿಗೆ ಹೇಳೋಣವೆಂದು ಫೋನು ಕೈಗೆತ್ತಿಕೊಳ್ಳುವಷ್ಟರಲ್ಲಿ ಮುಖ್ಯಸ್ಥೆ ಕರೆದಳು.

"ನೆನೆಹಾಕಿ ಮಾಡಿದ್ದು ಇದೊಂದೇನಾ?"

ಗಿರಣಿಯಕ್ಕ ಫೋನನ್ನು ಕೆಳಗಿಟ್ಟಳು. ಹೋದ ವರ್ಷ ಚುಕ್ಕಿ ಕಾಳು ತಂದಿದ್ದ ಮುದುಕರು ಇದೇ ಕಾರಿಡಾರಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕಾದಿದ್ದರು. ಸತ್ವ ಇಲ್ಲ ತಾತ ಎಂದು ಅವಳೇ ನಯವಾಗಿ ಹೇಳಿ, ಟೀ ಕೊಡಿಸಿದ್ದಳು. ಹಾಗಾದ್ರೆ ಇದನ್ನ ಇನ್ನು ಬಿತ್ತಲ್ಲ ಬಿಡಮ್ಮ, ಇಷ್ಟು ದಿನ ಸುಮ್ಮನೆ ಹೊತ್ಕೊಂಡು ತಿರುಗಿದೆ ಎಂದು ಡಬ್ಬಿಯನ್ನು ಅವಳ ಕೈಗೇ ಕೊಟ್ಟು ಹೋಗಿದ್ದರು. ಆ ಕಾಳು ಮೇವಿಗೆ ಹೋಗಿತ್ತು.

"ಇಲ್ಲ ಮೇಡಂ," ಅಂದಳು. "ಆರು ವರ್ಷದಿಂದ."

ಮುಖ್ಯಸ್ಥೆ ಎದ್ದು ಹೋಗಿ ಕಪಾಟಿನಿಂದ ಆರು ದಪ್ಪ ರಿಜಿಸ್ಟರುಗಳನ್ನು ತಂದು ಮೇಜಿನ ಮೇಲಿಟ್ಟಳು. ಒಂದು ಕೆಂಪು ಪೆನ್ನನ್ನು ಅವಳ ಕಡೆ ಸರಿಸಿದಳು. "ಕೂತ್ಕೊಳ್ಳಿ. ಯಾವ್ಯಾವುದು ಅಂತ ಗುರುತು ಹಾಕಿ."